ವಿಜಿಲಾಂಟಿಗೆ ಏಲೆರಾನ್ ಇಲ್ಲ: ಸಿಮ್ಯುಲೇಟರ್‌ಗೆ ಒಂದು ನೌಕಾಪಡೆ ಜೆಟ್ ಕಟ್ಟುವ ಬಗ್ಗೆ

ಪ್ರಶ್ನೆ: ನಾನು ಹುಮನಾಬಾದಿನವನು. ಕಲಬುರಗಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಫ್ಲೈಟ್‌ಗಿಯರ್ ಸಿಮ್ಯುಲೇಟರ್‌ಗಾಗಿ ಅಮೆರಿಕ ನೌಕಾಪಡೆಯ ಹಳೇ ಬೇಹುಗಾರಿಕೆ ಜೆಟ್ ಆರ್‌ಎ-5ಸಿ ವಿಜಿಲಾಂಟಿಯನ್ನು ಮಾಡುತ್ತಿದ್ದೇನೆ. 3ಡಿ ಚಿತ್ರದ ತಂತ್ರಾಂಶ ಬ್ಲೆಂಡರ್‌ನಲ್ಲಿ ಆಕಾರ ಚೆನ್ನಾಗಿ ಬಂದಿದೆ. ಏರೋಮ್ಯಾಟಿಕ್‌ನಿಂದ ಹಾರಾಟದ ಫೈಲ್ ತಯಾರಿಸಿಕೊಂಡೆ. ಆದರೆ ಸ್ಟಿಕ್ ಮುಟ್ಟಿದರೆ ಸಾಕು, ವಿಮಾನ ಸರ್ರನೆ ಹೊರಳಿಬಿಡುತ್ತದೆ. ಇಳಿಸುವಾಗ ಎಂಜಿನ್ ತಗ್ಗಿಸಲು ಥ್ರೊಟಲ್ ಪೂರ್ತಿ ಎಳೆದರೂ ರನ್‌ವೇ ಮೇಲೆ ತೇಲುತ್ತಲೇ ಇರುತ್ತದೆ. ಏನು ತಪ್ಪಿದೆ? ಇದನ್ನು ಬಿಟ್ಟು ನಮ್ಮ ನೌಕಾಪಡೆಯ ಜಲಾಂತರ್ಗಾಮಿ ಬೇಟೆ ವಿಮಾನ ಪಿ-8ಐ ಮಾಡೋದು ಒಳ್ಳೇದಾ? ಬೇಹುಗಾರಿಕೆ ಕ್ಯಾಮೆರಾಗಳನ್ನು ಸಿಮ್ಯುಲೇಟರ್‌ನಲ್ಲಿ ಹೇಗೆ ತೋರಿಸೋದು?

ಉತ್ತರ: ವಿಜಿಲಾಂಟಿಯನ್ನು ಬಿಡಬೇಡಿ. ಪಿ-8ಐ ನಮ್ಮದು ಅನ್ನುವ ಅಭಿಮಾನ ನನಗೂ ಇದೆ. 2013ರ ಮೇ ತಿಂಗಳಲ್ಲಿ ಮೊದಲನೆಯದು ಅರಕ್ಕೋಣಂನ ಐಎನ್‌ಎಸ್ ರಾಜಾಳಿಗೆ ಬಂದಿಳಿಯಿತು. ಈಗ ನೌಕಾಪಡೆಯ ಹತ್ತಿರ 12 ಇವೆ. ಆದರೆ ಹಾರಾಟದ ಮಟ್ಟಿಗೆ ಅದು ಬೋಯಿಂಗ್ 737 ಅಷ್ಟೇ: 737-800ರ ಒಡಲು, 737-900ರ ರೆಕ್ಕೆ. ಒಳ್ಳೆಯ 737 ಮಾದರಿಗಳು ಈಗಾಗಲೇ ಬೇಕಾದಷ್ಟಿವೆ. ಅದನ್ನು ಪಿ-8ಐ ಮಾಡೋದು ಒಳಗಿನ ರಾಡಾರ್, ಜಲಾಂತರ್ಗಾಮಿಯ ಸದ್ದು ಹಿಡಿಯಲು ನೀರಿಗೆ ಎಸೆಯುವ ಸೋನೊಬಾಯ್, ಜಲಾಂತರ್ಗಾಮಿಯ ಉಕ್ಕನ್ನು ಪತ್ತೆ ಮಾಡುವ ಬಾಲದ ಸೆನ್ಸರ್. ಅವೆಲ್ಲ ಇವತ್ತಿಗೂ ಸೇವೆಯಲ್ಲಿರುವ ಉಪಕರಣಗಳು. ಅವುಗಳ ಒಳವಿವರ ಹೊರಗೆ ಸಿಗೋದಿಲ್ಲ, ಸಿಗಲೂಬಾರದು. ಕೊನೆಗೆ ನೀವು ಊಹೆ ಮೇಲೆ ಪರದೆ ಬಿಡಿಸಬೇಕಾಗುತ್ತದೆ. ಸಿಮ್ಯುಲೇಟರ್ ಕಟ್ಟುವವನಿಗೆ ಅದರಲ್ಲಿ ಕಲಿಯೋದು ಕಡಿಮೆ.

ವಿಜಿಲಾಂಟಿ ಹಾಗಲ್ಲ. 1958ರ ಆಗಸ್ಟ್ 31ರಂದು ಮೊದಲ ಹಾರಾಟ, 1979ರಲ್ಲಿ ನಿವೃತ್ತಿ. ಅದರ ಪೈಲಟ್ ಕೈಪಿಡಿ ಗುಟ್ಟಾಗಿ ಉಳಿದಿಲ್ಲ. ಸ್ಯಾನ್ ಡಿಯಾಗೊದ ಮಿಡ್‌ವೇ ನೌಕೆಯ ಮ್ಯೂಸಿಯಂನಲ್ಲಿ, ಪೆನ್ಸಕೋಲಾದ ನೌಕಾ ವಾಯುಯಾನ ಮ್ಯೂಸಿಯಂನಲ್ಲಿ ನಿಜವಾದ ವಿಮಾನಗಳು ನಿಂತಿವೆ. ಜನ ಎಲ್ಲ ಕಡೆಯಿಂದ ಫೋಟೋ ತೆಗೆದಿದ್ದಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಈ ವಿಮಾನದ ಒಂದೊಂದು ವಿಚಿತ್ರಕ್ಕೂ ಒಂದು ಕಾರಣ ಇದೆ. ನಿಮ್ಮ ತೊಂದರೆಯ ಬೇರೂ ಅಲ್ಲೇ ಇದೆ. ನೀವು ನಡವಳಿಕೆಯನ್ನು ತಿದ್ದಲು ನೋಡುತ್ತಿದ್ದೀರಿ. ಹೊರಳೋದು ಜಾಸ್ತಿ ಆಯ್ತು ಅಂತ ಒಂದು ಅಂಕಿ ಇಳಿಸಿದರೆ ಇನ್ನೊಂದು ಕಡೆ ಕೆಡುತ್ತದೆ. ಕಾರಣವನ್ನು ಕಟ್ಟಿ, ನಡವಳಿಕೆ ತಾನಾಗೇ ಬರುತ್ತದೆ.

ಏರೋಮ್ಯಾಟಿಕ್ ಒಳ್ಳೆಯ ಸಾಧನ. ನೀವು ಎಂಜಿನ್ ಎಷ್ಟು, ತೂಕ ಎಷ್ಟು, ಉದ್ದ ಎಷ್ಟು ಅಂತ ಹೇಳುತ್ತೀರಿ, ಅದು ಫ್ಲೈಟ್‌ಗಿಯರ್‌ನೊಳಗೆ ಹಾರಾಟದ ಲೆಕ್ಕ ಮಾಡುವ ಜೆಎಸ್‌ಬಿಸಿಮ್‌ಗೆ ಬೇಕಾದ ಫೈಲ್ ಕೊಡುತ್ತದೆ. ಆದರೆ ಅದು ಕೊಡೋದು ಸಾಮಾನ್ಯ ಫೈಟರ್ ಒಂದರ ಸ್ವಭಾವ. ಬೀದರ್‌ನಲ್ಲಿ ಮಾಳಿಗೆ ಮೇಲೆ ನಿಂತರೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ಹೊರಳೋದು ಕಾಣುತ್ತದೆ. ನೀವೂ ನೋಡಿರುತ್ತೀರಿ. ಈಗ ನಿಮ್ಮ ವಿಜಿಲಾಂಟಿ ಹೊರಳುತ್ತಿರೋದು ಆ ಹಾಕ್‌ನ ಹಾಗೆ. ಹಾಕ್‌ನ ಗರಿಷ್ಠ ತೂಕ 9,100 ಕೆಜಿ, ರೆಕ್ಕೆಯ ಅಗಲ 10 ಮೀಟರ್‌ಗೆ ಸ್ವಲ್ಪ ಕಡಿಮೆ. ಆರ್‌ಎ-5ಸಿಯ ಗರಿಷ್ಠ ತೂಕ ಸುಮಾರು 36,000 ಕೆಜಿ, ಉದ್ದ 23.3 ಮೀಟರ್, ರೆಕ್ಕೆಯ ಅಗಲ 16 ಮೀಟರ್. ನಾಲ್ಕು ಹಾಕ್‌ಗಳ ತೂಕ ಒಂದೇ ಒಡಲಲ್ಲಿದೆ. ಇಷ್ಟು ದೊಡ್ಡದನ್ನು ವಿಮಾನವಾಹಕ ನೌಕೆಯ ಮೇಲೆ ಇಳಿಸುತ್ತಿದ್ದರು ಅನ್ನೋದನ್ನು ಒಂದು ಕ್ಷಣ ಯೋಚಿಸಿ.

ಮೊದಲು ತೂಕದ ಹಂಚಿಕೆ ನೋಡಿ. ವಿಜಿಲಾಂಟಿಯಲ್ಲಿ ಭಾರವೆಲ್ಲ ಉದ್ದದ ಒಡಲಲ್ಲಿದೆ. ಎರಡು ಜೆ79 ಎಂಜಿನ್‌ಗಳು ಒಡಲೊಳಗೇ ಅಕ್ಕಪಕ್ಕ ಇವೆ, ಅವುಗಳ ನಡುವೆ ಹಿಂದಕ್ಕೆ ಬಾಯಿ ತೆರೆದ ಒಂದು ಸುರಂಗ. ಹೀಗಾಗಿ ಹೊರಳುವ ಅಕ್ಷದ ಜಡತ್ವ, ಮೂಗು ಎತ್ತುವ ಮತ್ತು ಅತ್ತಿತ್ತ ತಿರುಗುವ ಅಕ್ಷಗಳಿಗಿಂತ ತುಂಬ ಕಡಿಮೆ. ಈ ಮೂರು ಅಂಕಿಗಳನ್ನು ಏರೋಮ್ಯಾಟಿಕ್ ಅಂದಾಜಿನಲ್ಲಿ ಹಾಕಿರುತ್ತದೆ. ನೀವೇ ಲೆಕ್ಕ ಹಾಕಿ. ಒಡಲನ್ನು ಆರೇಳು ತುಂಡು ಮಾಡಿ, ಒಂದೊಂದರ ತೂಕ ಅಂದಾಜು ಮಾಡಿ, ಕೇಂದ್ರದಿಂದ ದೂರದ ವರ್ಗಕ್ಕೆ ಗುಣಿಸಿ ಕೂಡಿಸಿ. ಎರಡನೇ ವರ್ಷದಲ್ಲಿ ನೀವು ಓದಿದ ಪಾಠವೇ ಇದು. ಒಂದು ಎಚ್ಚರ: ಜೆಎಸ್‌ಬಿಸಿಮ್‌ನಲ್ಲಿ ಭಾಗಗಳ ಜಾಗ ಹೇಳುವಾಗ ಎಕ್ಸ್ ಅಕ್ಷ ಹಿಂದಕ್ಕೆ, ಝಡ್ ಮೇಲಕ್ಕೆ. ಬಲಗಳನ್ನು ಹೇಳುವಾಗ ಎಕ್ಸ್ ಮುಂದಕ್ಕೆ, ಝಡ್ ಕೆಳಕ್ಕೆ. ಇವೆರಡನ್ನು ಕಲಸಿಬಿಟ್ಟರೆ ತಪ್ಪು ಎಲ್ಲಿದೆ ಅಂತ ಹುಡುಕೋದರಲ್ಲೇ ವಾರ ಹೋಗುತ್ತದೆ.

ಇನ್ನೊಂದು ಎಚ್ಚರ, ಮಾದರಿಗಳನ್ನು ಬೆರೆಸಬೇಡಿ. ಮೊದಲು ಬಂದ ಬಾಂಬರ್ ಎ-5ಎಯ ರೆಕ್ಕೆ ಸುಮಾರು 700 ಚದರ ಅಡಿ. ಬೇಹುಗಾರಿಕೆಯ ಆರ್‌ಎ-5ಸಿಯದು ಸುಮಾರು 754. ಸಿ ಮಾದರಿಯ ಬೆನ್ನು ಉಬ್ಬಿದೆ, ಅಲ್ಲಿ ಹೆಚ್ಚಿನ ಇಂಧನ ಇದೆ. ಒಂದರ ತೂಕಕ್ಕೆ ಇನ್ನೊಂದರ ರೆಕ್ಕೆ ಹಾಕಿದರೆ ಮುಂದಿನ ಲೆಕ್ಕವೆಲ್ಲ ದಾರಿ ತಪ್ಪುತ್ತದೆ.

ಈಗ ಹೊರಳುವ ವಿಷಯ. ನಿಮ್ಮ ಫೈಲ್‌ನಲ್ಲಿ ಏಲೆರಾನ್, ಅಂದರೆ ರೆಕ್ಕೆಯ ಹಿಂದಿನ ಅಂಚಲ್ಲಿ ಮೇಲೆ ಕೆಳಗೆ ಆಡಿ ವಿಮಾನವನ್ನು ಹೊರಳಿಸುವ ಪಟ್ಟಿ, ಇದೆ ಅಲ್ವಾ? ವಿಜಿಲಾಂಟಿಗೆ ಏಲೆರಾನೇ ಇಲ್ಲ. ರೆಕ್ಕೆಯ ಹಿಂದಿನ ಅಂಚನ್ನು ಇಳಿಯುವಾಗ ಬೇಕಾದ ದೊಡ್ಡ ಫ್ಲಾಪ್‌ಗಳಿಗೆ ಬಿಟ್ಟುಕೊಟ್ಟಿದ್ದಾರೆ. ಹೊರಳಿಸೋದು ರೆಕ್ಕೆಯ ಮೇಲೆ ಎದ್ದು ನಿಲ್ಲುವ ಪಟ್ಟಿಗಳು, ಅಂದರೆ ಸ್ಪಾಯ್ಲರ್‌ಗಳು, ಜೊತೆಗೆ ಎಡಬಲ ಬೇರೆ ಬೇರೆ ಕೋನಕ್ಕೆ ತಿರುಗುವ ಬಾಲದ ಅಡ್ಡ ರೆಕ್ಕೆಗಳು. ಇದು ಸಣ್ಣ ಬದಲಾವಣೆ ಅನ್ನಿಸಬಹುದು, ಆದರೆ ವಿಮಾನದ ಕೈಗುಣವೇ ಇಲ್ಲಿಂದ ಬರುತ್ತದೆ. ಏಲೆರಾನ್ ಇರುವ ವಿಮಾನವನ್ನು ಬಲಕ್ಕೆ ಹೊರಳಿಸಿದರೆ, ಮೇಲೇಳುವ ಎಡ ರೆಕ್ಕೆಗೆ ಡ್ರ್ಯಾಗ್ (ಗಾಳಿಯ ತಡೆ) ಜಾಸ್ತಿ, ಮೂಗು ಎಡಕ್ಕೆ ಎಳೆಯುತ್ತದೆ. ಸ್ಪಾಯ್ಲರ್‌ನಲ್ಲಿ ಉಲ್ಟಾ. ಬಲ ರೆಕ್ಕೆಯ ಸ್ಪಾಯ್ಲರ್ ಎದ್ದು ಆ ಕಡೆಯ ಲಿಫ್ಟ್ (ಮೇಲೆತ್ತುವ ಬಲ) ಕೆಡಿಸುತ್ತದೆ, ಡ್ರ್ಯಾಗೂ ಆ ಕಡೆಗೇ ಸೇರುತ್ತದೆ. ಮೂಗು ತಿರುವಿನ ಕಡೆಗೇ ಹೋಗುತ್ತದೆ. ಹಾಗಾಗಿ ನಿಮ್ಮ ಫೈಲ್‌ನಲ್ಲಿ ಏಲೆರಾನ್‌ನಿಂದ ಬರುವ ತಿರುವಿನ ಅಂಕಿಯ ಚಿಹ್ನೆಯೇ ಬದಲಾಗಬೇಕು. ಅದು ಒಂದು.

ಎರಡನೆಯದು ಇನ್ನೂ ಸ್ವಾರಸ್ಯ. ಏಲೆರಾನ್ ಒಂದು ಕಡೆ ಲಿಫ್ಟ್ ಕಳೆದು ಇನ್ನೊಂದು ಕಡೆ ಕೂಡಿಸುತ್ತದೆ, ಒಟ್ಟು ಲಿಫ್ಟ್ ಹೆಚ್ಚೂಕಡಿಮೆ ಅಷ್ಟೇ ಉಳಿಯುತ್ತದೆ. ಸ್ಪಾಯ್ಲರ್ ಬರೀ ಕಳೆಯುತ್ತದೆ. ನೌಕೆಗೆ ಇಳಿಯುವ ದಾರಿಯಲ್ಲಿ ಪೈಲಟ್ ಡೆಕ್‌ನ ನಡುಗೆರೆಗೆ ಸಾಲು ಸರಿಮಾಡಲು ಸ್ಟಿಕ್ಕನ್ನು ಸ್ವಲ್ಪ ಪಕ್ಕಕ್ಕೆ ತಳ್ಳಿದರೂ ವಿಮಾನ ಸ್ವಲ್ಪ ಕುಸಿಯುತ್ತದೆ. ಅವನು ಥ್ರೊಟಲ್ ಕೊಡಬೇಕು. ಸಾಲು, ಎತ್ತರ, ವೇಗ ಮೂರೂ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಸ್ಪಾಯ್ಲರ್ ಸ್ಥಾನದಿಂದ ಹೊರಳುವ ಬಲ, ತಿರುಗುವ ಬಲ, ಲಿಫ್ಟ್ ನಷ್ಟ, ಡ್ರ್ಯಾಗ್, ಈ ನಾಲ್ಕನ್ನೂ ಬರೆಯಿರಿ. ಸರಳ ಗುಣಕದ ಬದಲು ಕೋಷ್ಟಕ ಬಳಸಿ. ಸ್ಪಾಯ್ಲರ್ ಸ್ವಲ್ಪವೇ ಎದ್ದಾಗ ಪರಿಣಾಮ ಕಡಿಮೆ, ಆಮೇಲೆ ಬೇಗ ಏರುತ್ತದೆ. ಇಷ್ಟು ಮಾಡಿದರೆ ನಿಮ್ಮ ಸರ್ರನೆ ಹೊರಳುವ ತೊಂದರೆ ಹೋಗುತ್ತದೆ. ಜೊತೆಗೆ ಇಳಿಯುವಾಗಿನ ಆ ಕಷ್ಟವೂ ಸೇರಿಕೊಳ್ಳುತ್ತದೆ. ಆ ಕಷ್ಟ ಇರಬೇಕು.

ನಿಂತ ಬಾಲವೂ ಮಾಮೂಲಿಯದಲ್ಲ. ರಡ್ಡರ್ ಅನ್ನೋ ಪಟ್ಟಿ ಬೇರೆ ಇಲ್ಲ, ಇಡೀ ಬಾಲವೇ ತಿರುಗುತ್ತದೆ. ಬ್ಲೆಂಡರ್‌ನಲ್ಲಿ ನೀವು ರಡ್ಡರ್ ಕತ್ತರಿಸಿ ಇಟ್ಟಿದ್ದರೆ ಅದನ್ನು ಸೇರಿಸಿಬಿಡಿ. ಮ್ಯಾಕ್ 2ರ, ಅಂದರೆ ಶಬ್ದದ ಎರಡು ಪಟ್ಟು ವೇಗದ, ಹತ್ತಿರ ಬಾಲದ ಹಿಡಿತ ಕಡಿಮೆಯಾಗುತ್ತದೆ, ಅದಕ್ಕೇ ಈ ಏರ್ಪಾಡು. ದಿಕ್ಕಿನ ಸ್ಥಿರತೆಯ ಅಂಕಿಯನ್ನು ಮ್ಯಾಕ್‌ಗೆ ತಕ್ಕ ಹಾಗೆ ಇಳಿಯುವ ಕೋಷ್ಟಕವಾಗಿ ಕೊಡಿ.

ಇಳಿಯುವಾಗ ತೇಲೋದು ಯಾಕೆ? ಲೆಕ್ಕ ಮಾಡೋಣ. ತೂಕ 50,000 ಪೌಂಡ್, ವೇಗ 140 ನಾಟ್, ಸಮುದ್ರಮಟ್ಟ ಅಂತ ಇಟ್ಟುಕೊಳ್ಳಿ. ಗಾಳಿಯ ಒತ್ತಡ ಚದರ ಅಡಿಗೆ ಸುಮಾರು 66 ಪೌಂಡ್. ಅದನ್ನು 754ಕ್ಕೆ ಗುಣಿಸಿ ತೂಕವನ್ನು ಭಾಗಿಸಿದರೆ ಲಿಫ್ಟ್ ಗುಣಾಂಕ ಸರಿಯಾಗಿ 1 ಬರುತ್ತದೆ. ರೆಕ್ಕೆಯ ಅಗಲದ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದರೆ 3.7. ಇದು ಗಿಡ್ಡ ರೆಕ್ಕೆ. ದಕ್ಷತೆ 0.8 ಹಿಡಿದರೆ ಲಿಫ್ಟ್‌ನಿಂದಲೇ ಹುಟ್ಟುವ ಡ್ರ್ಯಾಗ್ ಸುಮಾರು 5,300 ಪೌಂಡ್. ಚಕ್ರ, ಫ್ಲಾಪ್, ಒಡಲಿನದು ಇದರ ಮೇಲೆ. ವೇಗವನ್ನು 130ಕ್ಕೆ ಇಳಿಸಿ ಅದೇ ಲೆಕ್ಕ ಮಾಡಿ, 6,200 ಬರುತ್ತದೆ. ನಿಧಾನ ಆದಷ್ಟೂ ಎಂಜಿನ್ ಜಾಸ್ತಿ ಬೇಕು! ನೌಕೆಯ ಪೈಲಟ್‌ಗಳು ಪ್ರತಿ ಸಲ ಎದುರಿಸೋದು ಇದನ್ನೇ. ನಿಮ್ಮ ವಿಮಾನ ಎಂಜಿನ್ ಇಲ್ಲದೆ ತೇಲುತ್ತಿದೆ ಅಂದರೆ ಈ ಡ್ರ್ಯಾಗ್ ಫೈಲ್‌ನಲ್ಲಿ ಇಲ್ಲ, ಇಲ್ಲವೇ ನೆಲದ ಪರಿಣಾಮದ (ನೆಲದ ಹತ್ತಿರ ಡ್ರ್ಯಾಗ್ ತಗ್ಗೋದು) ಕೋಷ್ಟಕ ಅದನ್ನು ಪೂರ್ತಿ ಅಳಿಸಿಹಾಕುತ್ತಿದೆ. ಐಡಲ್‌ನಲ್ಲಿ, ಅಂದರೆ ಥ್ರೊಟಲ್ ಪೂರ್ತಿ ಎಳೆದಾಗ, ಎಂಜಿನ್ ಎಷ್ಟು ತಳ್ಳುತ್ತಿದೆ ಅನ್ನೋದನ್ನೂ ನೋಡಿ.

ಇನ್ನೊಂದು ಕಾರಣ ಇದ್ದೇ ಇರುತ್ತದೆ. ಈ ವಿಮಾನದಲ್ಲಿ ಎಂಜಿನ್‌ನ ಕಂಪ್ರೆಸರ್‌ನಿಂದ ಬಿಸಿ ಗಾಳಿ ತೆಗೆದು ರೆಕ್ಕೆಯ ಮೇಲ್ಮೈ ಮೇಲೆ ಊದುತ್ತಾರೆ. ಗಾಳಿ ರೆಕ್ಕೆಗೆ ಅಂಟಿಕೊಂಡೇ ಹರಿಯುತ್ತದೆ, ಕಡಿಮೆ ವೇಗದಲ್ಲೂ ಲಿಫ್ಟ್ ಸಿಗುತ್ತದೆ. ಅಂದರೆ ಈ ಲಿಫ್ಟ್ ಎಂಜಿನ್‌ನಿಂದ ಬಂದ ಸಾಲ. ಥ್ರೊಟಲ್ ಎಳೆದರೆ ಊದುವ ಗಾಳಿ ತಗ್ಗುತ್ತದೆ, ಲಿಫ್ಟೂ ತಗ್ಗುತ್ತದೆ. ಏರೋಮ್ಯಾಟಿಕ್‌ನ ಫ್ಲಾಪ್‌ಗೆ ಇದೇನೂ ಗೊತ್ತಿಲ್ಲ. ಫ್ಲಾಪ್‌ನಿಂದ ಬರುವ ಲಿಫ್ಟ್‌ನಲ್ಲಿ ಒಂದು ಪಾಲನ್ನು ಬೇರೆ ಮಾಡಿ, ಅದನ್ನು ಎಂಜಿನ್‌ನ ಸುತ್ತಿನ ವೇಗಕ್ಕೆ ಕಟ್ಟಿ. ಆಗ ಥ್ರೊಟಲ್ ಎಳೆದರೆ ವಿಮಾನ ತೇಲೋದಿಲ್ಲ, ಕೂರುತ್ತದೆ. ಅಂದ ಹಾಗೆ, ನೌಕೆಗೆ ಇಳಿಯುವ ವಿಮಾನವನ್ನು ಕೊನೆ ಗಳಿಗೆಯಲ್ಲಿ ಮೂಗೆತ್ತಿ ಮೆಲ್ಲಗೆ ಕೂರಿಸೋದಿಲ್ಲ. ಹಿಡಿದ ಕೋನದಲ್ಲೇ ಡೆಕ್‌ಗೆ ಬಡಿಯುತ್ತದೆ, ಸೆಕೆಂಡಿಗೆ ಮೂರೂವರೆ ಮೀಟರ್‌ನಷ್ಟು ಕೆಳಮುಖ ವೇಗದಲ್ಲಿ. ಚಕ್ರದ ಕಾಲುಗಳ ಸ್ಪ್ರಿಂಗ್ ಮತ್ತು ಡ್ಯಾಂಪರ್ ಅಂಕಿಗಳನ್ನು ಆ ಏಟಿಗೆ ತಕ್ಕಂತೆ ಇಡಿ.

ಎಂಜಿನ್ ವಿಷಯದಲ್ಲಿ ನಿಮಗೆ ಕಷ್ಟ ಇಲ್ಲ. ಜೆ79 ಎಫ್-4 ಫ್ಯಾಂಟಮ್‌ನಲ್ಲೂ ಎಫ್-104ರಲ್ಲೂ ಇದ್ದ ಎಂಜಿನ್. ಅದರ ಅಂಕಿಅಂಶ ಧಾರಾಳ ಸಿಗುತ್ತದೆ. ಆಫ್ಟರ್‌ಬರ್ನರ್ (ಎಂಜಿನ್‌ನ ಹಿಂದೆ ಇನ್ನಷ್ಟು ಇಂಧನ ಉರಿಸೋದು) ಹಾಕಿದಾಗ ಒಂದೊಂದರ ತಳ್ಳುವ ಬಲ 17,000 ಪೌಂಡ್, ಕೊನೆಯ ವಿಮಾನಗಳಲ್ಲಿ 17,900. ಎರಡೂ ಸೇರಿ ಪೂರ್ತಿ ತುಂಬಿದ ವಿಮಾನದ ತೂಕದ ಅರ್ಧಕ್ಕೂ ಕಡಿಮೆ. ಆಫ್ಟರ್‌ಬರ್ನರ್ ಇಲ್ಲದೆ ಪೂರ್ತಿ ಥ್ರೊಟಲ್‌ನಲ್ಲಿ ಜೆ79 ಕರೀ ಹೊಗೆ ಬಿಡುತ್ತದೆ, ಆಫ್ಟರ್‌ಬರ್ನರ್ ಹಚ್ಚಿದರೆ ಹೊಗೆ ತಿಳಿಯಾಗುತ್ತದೆ. ಹೊಗೆಯ ಎಫೆಕ್ಟ್ ಹಾಕುವಾಗ ಇದನ್ನು ಉಲ್ಟಾ ಮಾಡಬೇಡಿ.

ಸುರಂಗದ ಬಗ್ಗೆ ಎರಡು ಮಾತು ಹೇಳಲೇಬೇಕು. ವಿಜಿಲಾಂಟಿ ಹುಟ್ಟಿದ್ದು ಅಣುಬಾಂಬ್ ಹಾಕಲು. ಬಾಂಬನ್ನು ಎರಡು ಇಂಧನ ಟ್ಯಾಂಕ್‌ಗಳ ಜೊತೆ ಸಾಲಾಗಿ ಜೋಡಿಸಿ ಸುರಂಗದಲ್ಲಿ ಇಟ್ಟು, ಗುರಿಯ ಮೇಲೆ ಹಿಂದಕ್ಕೆ ಉಗುಳುವ ಯೋಜನೆ. ಅದು ನೆಟ್ಟಗೆ ಕೆಲಸ ಮಾಡಲಿಲ್ಲ. ಹೊರಬಿದ್ದ ಸಾಲು ವಿಮಾನದ ಹಿಂದಿನ ಗಾಳಿಯಲ್ಲೇ ಸ್ವಲ್ಪ ಹೊತ್ತು ಎಳೆದುಕೊಂಡು ಬರುತ್ತಿತ್ತು, ಬಾಂಬ್ ಎಲ್ಲಿ ಬೀಳುತ್ತದೆ ಅನ್ನೋದು ನಿಶ್ಚಯವಿರಲಿಲ್ಲ. ನೌಕಾಪಡೆಯ ಅಣ್ವಸ್ತ್ರದ ಭಾರವೂ ಜಲಾಂತರ್ಗಾಮಿಗಳಿಗೆ ಹೋಯಿತು. ಬೇಹುಗಾರಿಕೆ ಮಾದರಿಯಲ್ಲಿ ಸುರಂಗದ ತುಂಬ ಇಂಧನ ಟ್ಯಾಂಕ್‌ಗಳು. ಕ್ಯಾಟಪಲ್ಟ್ ವಿಮಾನವನ್ನು ಎಳೆದು ಎಸೆಯುವಾಗ ಕೆಲವು ಸಲ ಆ ಟ್ಯಾಂಕ್‌ಗಳು ಕೊಂಡಿ ಕಳಚಿ ಹಿಂದೆ ಡೆಕ್ ಮೇಲೇ ಉಳಿದು ಬೆಂಕಿ ಹೊತ್ತಿಕೊಂಡಿದ್ದುಂಟು. ಅದನ್ನು ತೋರಿಸೋದು ನಿಮ್ಮಿಷ್ಟ. ಆದರೆ ಒಂದೊಂದು ಟ್ಯಾಂಕನ್ನೂ ಅದರ ಸರಿಯಾದ ಜಾಗದಲ್ಲಿ ಬರೆಯಿರಿ. ಸುರಂಗದ ಇಂಧನ ಹಿಂಭಾಗದಲ್ಲಿದೆ, ಅದು ಖಾಲಿಯಾದ ಹಾಗೆ ತೂಕದ ಕೇಂದ್ರ ಮುಂದೆ ಸರಿಯಬೇಕು, ಟ್ರಿಮ್ ಬದಲಾಗಬೇಕು.

ಪರೀಕ್ಷೆ ಎಲ್ಲಿ ಮಾಡೋದು ಅಂದರೆ, ನಮ್ಮ ಕಲಬುರಗಿ ನಿಲ್ದಾಣದಲ್ಲೇ ಮಾಡಿ. 2019ರ ನವೆಂಬರ್‌ನಲ್ಲಿ ಶುರುವಾದ ಆ ರನ್‌ವೇ ಮೂರು ಕಿಲೋಮೀಟರ್‌ಗೂ ಉದ್ದ, ಎತ್ತರ ಸಮುದ್ರಮಟ್ಟದಿಂದ 450 ಮೀಟರ್‌ಗೂ ಹೆಚ್ಚು. ಸಿಮ್ಯುಲೇಟರ್‌ನ ಹವಾಮಾನವನ್ನು ಮೇ ತಿಂಗಳ ಮಧ್ಯಾಹ್ನಕ್ಕೆ, 43 ಡಿಗ್ರಿಗೆ ಇಡಿ. ಆ ಬಿಸಿಲಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಪ್ರಮಾಣಕ್ಕಿಂತ ಸುಮಾರು ಶೇ 14 ಕಡಿಮೆ. ವಿಮಾನಕ್ಕೆ ತಾನು ಸುಮಾರು 1,500 ಮೀಟರ್ ಎತ್ತರದ ಊರಲ್ಲಿದ್ದೇನೆ ಅನ್ನಿಸುತ್ತದೆ. ನೆಲ ಬಿಡುವಾಗಿನ ನಿಜ ವೇಗ ಶೇ 7-8 ಹೆಚ್ಚಾಗಬೇಕು, ಎಂಜಿನ್ ತಳ್ಳುವ ಬಲ ಇಳಿಯಬೇಕು, ಓಟದ ದೂರ ಚೆನ್ನಾಗಿಯೇ ಬೆಳೆಯಬೇಕು. ಅದೇ ವಿಮಾನವನ್ನು 15 ಡಿಗ್ರಿಗೆ ಸಮುದ್ರ ದಂಡೆಯಲ್ಲಿ ಹಾರಿಸಿ, ಕೈಪಿಡಿಯ ಟೇಕಾಫ್ ಪಟ್ಟಿ ಜೊತೆ ಎರಡನ್ನೂ ಹೋಲಿಸಿ. ಎರಡರಲ್ಲೂ ಓಟ ಒಂದೇ ಬಂದರೆ ನಿಮ್ಮ ಎಂಜಿನ್ ಕೋಷ್ಟಕ ಗಾಳಿಯನ್ನು ಕೇಳುತ್ತಿಲ್ಲ ಎಂದರ್ಥ.

ಇನ್ನು ಕ್ಯಾಮೆರಾ. ಖರೇ ಹೇಳಬೇಕೆಂದರೆ ನನಗೆ ಈ ಪ್ರಶ್ನೆಯೇ ಹೆಚ್ಚು ಇಷ್ಟವಾಯಿತು. ಬೇಹುಗಾರಿಕೆ ವಿಮಾನ ಮಾಡುವವರು ಹೊಟ್ಟೆಯ ಕೆಳಗೆ ಗಾಜಿನ ಕಿಟಕಿ ಬಿಡಿಸಿ ಕೈಬಿಡುತ್ತಾರೆ. ಆದರೆ ಆ ವಿಮಾನ ಇದ್ದದ್ದೇ ಆ ಕಿಟಕಿಗಾಗಿ. ವಿಯೆಟ್ನಾಂನಲ್ಲಿ ಬಾಂಬ್ ದಾಳಿ ಮುಗಿದ ಮೇಲೆ ಏನು ಉರುಳಿದೆ, ಏನು ಉಳಿದಿದೆ ಅಂತ ಚಿತ್ರ ತೆಗೆಯಲು ವಿಜಿಲಾಂಟಿ ಹೋಗಬೇಕಿತ್ತು. ಕೆಳಗೆ ಫಿರಂಗಿಯವರು ಎಚ್ಚೆತ್ತು ಕಾಯುತ್ತಿರುತ್ತಿದ್ದರು. ಚಿತ್ರ ಬೇಕಾದರೆ ನೇರವಾಗಿ, ಒಂದೇ ಎತ್ತರದಲ್ಲಿ ಹಾರಲೇಬೇಕು. ಕಾದಾಟದಲ್ಲಿ 18 ವಿಜಿಲಾಂಟಿಗಳು ಹೋದವು, ಹೆಚ್ಚಿನವು ನೆಲದ ಫಿರಂಗಿಗಳಿಗೆ. ಆ ನೇರ ಓಟ ಯಾಕೆ ಬೇಕಿತ್ತು ಅನ್ನೋದು ಅರ್ಥವಾದರೆ ಕ್ಯಾಮೆರಾ ಹೇಗೆ ಕಟ್ಟಬೇಕು ಅನ್ನೋದೂ ಗೊತ್ತಾಗುತ್ತದೆ.

152 ಮಿಲಿಮೀಟರ್ ಲೆನ್ಸ್ ಇದೆ, ನೀವು 300 ಮೀಟರ್ ಎತ್ತರದಲ್ಲಿ 600 ನಾಟ್ ವೇಗದಲ್ಲಿದ್ದೀರಿ ಎಂದುಕೊಳ್ಳಿ. ಸೆಕೆಂಡಿಗೆ 309 ಮೀಟರ್. ಆಗ ನೆಲದ ಬಿಂಬ ಫಿಲ್ಮ್ ಮೇಲೆ ಸೆಕೆಂಡಿಗೆ ಸುಮಾರು 155 ಮಿಲಿಮೀಟರ್ ಓಡುತ್ತದೆ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ ತೆರೆದರೂ ಚಿತ್ರ 0.15 ಮಿಲಿಮೀಟರ್ ಸವರಿಹೋಗುತ್ತದೆ. ನೆಲದ ಮೇಲೆ ಅದು 30 ಸೆಂಟಿಮೀಟರ್. ಅದಕ್ಕೇ ಇಂಥ ಕ್ಯಾಮೆರಾಗಳು ಫಿಲ್ಮನ್ನೂ ಬಿಂಬದ ವೇಗದಲ್ಲೇ ಓಡಿಸುತ್ತವೆ. ಎಷ್ಟು ಓಡಿಸಬೇಕು ಅನ್ನೋದು ವೇಗವನ್ನು ಎತ್ತರದಿಂದ ಭಾಗಿಸಿದ ಅಂಕಿ ಮೇಲೆ ನಿಂತಿದೆ. ಪೈಲಟ್ ಎತ್ತರ ತಪ್ಪಿಸಿದರೆ ಆ ಅಂಕಿ ತಪ್ಪುತ್ತದೆ, ಚಿತ್ರ ಮಸುಕಾಗುತ್ತದೆ. ಫಿಲ್ಮ್ ಚೌಕಟ್ಟು 114 ಮಿಲಿಮೀಟರ್ ಇದ್ದರೆ ಒಂದು ಚಿತ್ರದಲ್ಲಿ ಸುಮಾರು 225 ಮೀಟರ್ ನೆಲ ಬರುತ್ತದೆ. ನೆಲದ ಮೇಲಿನ ವಸ್ತುಗಳ ಎತ್ತರ ಕಾಣಬೇಕಾದರೆ ಒಂದು ಚಿತ್ರದ ಮೇಲೆ ಇನ್ನೊಂದು ಶೇ 60 ಕೂಡಿಕೊಳ್ಳಬೇಕು, ಅಂದರೆ 90 ಮೀಟರ್‌ಗೆ ಒಂದು ಚಿತ್ರ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ.

ಸಿಮ್ಯುಲೇಟರ್‌ನಲ್ಲಿ ಇದನ್ನೆಲ್ಲ ಫ್ಲೈಟ್‌ಗಿಯರ್‌ನ ಸ್ಕ್ರಿಪ್ಟ್ ಭಾಷೆಯಾದ ನಾಸಲ್‌ನಲ್ಲಿ ಬರೆಯಬಹುದು. ಚಿತ್ರ ತೆಗೆದ ಜಾಗ, ಎತ್ತರ, ಓರೆ, ಹೊರಳು, ವೇಗ ಇಷ್ಟನ್ನು ಒಂದು ಫೈಲ್‌ಗೆ ಬರೆಸಿ. ಹಾರಾಟ ಮುಗಿದ ಮೇಲೆ ನಕ್ಷೆಯಲ್ಲಿ ಒಂದೊಂದು ಚಿತ್ರದ ಚೌಕ ಬಿಡಿಸಿ, ಮಸುಕಾದವನ್ನು ಕೆಂಪು ಮಾಡಿ. ಪರೀಕ್ಷೆಗೆ ಬೀದರ್ ಕೋಟೆಯನ್ನೋ ಅಷ್ಟೂರಿನ ಬಹಮನಿ ಗುಮ್ಮಟಗಳನ್ನೋ ಆರಿಸಿಕೊಳ್ಳಿ. ಅಷ್ಟೂರು ಚೆನ್ನ, ಗುಮ್ಮಟಗಳು ಸಾಲಾಗಿವೆ. ಸಿಮ್ಯುಲೇಟರ್‌ನಲ್ಲಿ ಆ ಜಾಗದಲ್ಲಿ ಸರಳವಾದ ಡಬ್ಬಿ ಮಾದರಿಗಳನ್ನು ನಿಲ್ಲಿಸಿ. ತೊಗರಿ ಹೊಲದಲ್ಲಿ ಸಾಲು ಹಿಡಿದ ಹಾಗೆ ಒಂದರ ಪಕ್ಕ ಒಂದು ಓಟ ಮಾಡಿ, ನಡುವೆ ಜಾಗ ಬಿಡಬಾರದು. ಆಮೇಲೆ ಒಂದು ಗುಮ್ಮಟದ ನೆರಳಿನ ಉದ್ದ ಅಳೆದು, ಸೂರ್ಯನ ಕೋನದ ಟ್ಯಾನ್‌ಗೆ ಗುಣಿಸಿ ಎತ್ತರ ತೆಗೆಯಿರಿ. ನೀವೇ ನಿಲ್ಲಿಸಿದ ಡಬ್ಬಿಯ ಎತ್ತರ ಬಂತು ಅಂದರೆ ನಿಮ್ಮ ಕ್ಯಾಮೆರಾ ಸರಿ.

ಹೊಟ್ಟೆಯ ಕೆಳಗಿನ ಉದ್ದನೆಯ ದೋಣಿಯಾಕಾರದ ಡಬ್ಬಿಯಲ್ಲಿ ಕ್ಯಾಮೆರಾ ಜೊತೆ ಪಕ್ಕಕ್ಕೆ ನೋಡುವ ರಾಡಾರೂ ಇತ್ತು. ಫ್ಲೈಟ್‌ಗಿಯರ್‌ನಲ್ಲಿ ಯಾವ ಬಿಂದುವಿನ ನೆಲದ ಎತ್ತರವನ್ನೂ ಸ್ಕ್ರಿಪ್ಟ್‌ನಿಂದ ಕೇಳಬಹುದು. ವಿಮಾನದ ಪಕ್ಕಕ್ಕೆ ಒಂದು ಗೆರೆ ಹಿಡಿದು ಎತ್ತರಗಳನ್ನು ಓದಿ, ಗುಡ್ಡದ ಹಿಂದೆ ಮರೆಯಾದದ್ದನ್ನು ಕಪ್ಪು ಮಾಡಿ, ಗೆರೆ ಮೇಲೆ ಗೆರೆ ಜೋಡಿಸುತ್ತ ಹೋಗಿ. ಈ ಪಟ್ಟಿಯನ್ನು ಹಿಂದಿನ ಕಾಕ್‌ಪಿಟ್‌ನಲ್ಲಿ ತೋರಿಸಿ. ಹಿಂದೆ ಕೂರುವ ನ್ಯಾವಿಗೇಟರ್‌ಗೆ ಎರಡು ಪಕ್ಕ ಸಣ್ಣ ಕಿಟಕಿ ಬಿಟ್ಟರೆ ಹೊರಗೆ ಏನೂ ಕಾಣುತ್ತಿರಲಿಲ್ಲ. ಮ್ಯಾಕ್ 2 ವಿಮಾನದಲ್ಲಿ ಕತ್ತಲೆ ಕೋಣೆಯಲ್ಲಿ ಕೂತು ಉಪಕರಣ ಓದುವ ಕೆಲಸ ಅವನದು. ಹಾಗಾಗಿ ಆ ಕಾಕ್‌ಪಿಟ್ಟನ್ನು ಸುಮ್ನೆ ಮುಂದಿನದರ ನಕಲು ಮಾಡಬೇಡಿ.

ಬಣ್ಣ, ಗುರುತು, ಶಬ್ದಗಳನ್ನು ಕೊನೆಗೆ ಇಟ್ಟುಕೊಳ್ಳಿ. ಅಮೆರಿಕ ನೌಕಾಪಡೆ ತಾನೇ ತೆಗೆದ ಚಿತ್ರಗಳನ್ನು ಟೆಕ್ಸ್‌ಚರ್‌ಗೆ ಬಳಸಬಹುದು, ಮ್ಯೂಸಿಯಂಗೆ ಹೋದವರು ತೆಗೆದ ಫೋಟೋಗಳಿಗೆ ಅವರ ಅನುಮತಿ ಬೇಕು. ಫ್ಲೈಟ್‌ಗಿಯರ್‌ನ ಅಧಿಕೃತ ವಿಮಾನ ಸಂಗ್ರಹಕ್ಕೆ ಸೇರಿಸುವ ಆಸೆ ಇದ್ದರೆ ಎಲ್ಲವೂ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಲ್ಲಿರಬೇಕು. ಅದನ್ನು ಮೊದಲ ದಿನವೇ ನಿರ್ಧರಿಸಿ.

ಸದ್ಯಕ್ಕೆ ಸ್ಪಾಯ್ಲರ್ ಮತ್ತು ಊದುವ ಗಾಳಿ, ಇವೆರಡನ್ನು ಮಾತ್ರ ಮಾಡಿ. ಆಮೇಲೆ 50,000 ಪೌಂಡ್ ತೂಕದಲ್ಲಿ ಚಕ್ರ, ಫ್ಲಾಪ್ ಇಳಿಸಿ 170 ನಾಟ್‌ನಿಂದ 130ರವರೆಗೆ ಹತ್ತತ್ತು ನಾಟ್ ಇಳಿಸುತ್ತ ಒಂದೇ ಎತ್ತರದಲ್ಲಿ ಹಾರಿಸಿ. ಒಂದೊಂದು ವೇಗದಲ್ಲೂ ಎಂಜಿನ್ ಎಷ್ಟು ತಳ್ಳಬೇಕಾಯಿತು ಅಂತ ಜೆಎಸ್‌ಬಿಸಿಮ್ ಲಾಗ್‌ನಲ್ಲಿ ಬರೆಸಿ, ಆ ಫೈಲ್ ನನಗೆ ಕಳಿಸಿ. ವೇಗಕ್ಕೆ ಎದುರಾಗಿ ಆ ಬಲದ ಗೆರೆ ಎಳೆದಾಗ ಅದು ಎಡ ತುದಿಯಲ್ಲಿ, ಅಂದರೆ ಕಡಿಮೆ ವೇಗದಲ್ಲಿ, ಮೇಲಕ್ಕೆ ತಿರುಗಿದೆಯಾ ಅಂತ ನೋಡಿ ಮುಂದಿನ ಮಾತು ಹೇಳುತ್ತೇನೆ.